ತೊಟ್ಟಿ ಫಳಫಳ, ಮೀನು ಇಲ್ಲ

ಬೇಸಿಗೆ ರಜೆಯಲ್ಲಿ ಬೈಲಹೊಂಗಲದ ಮನೆಗೆ ಹೋದಾಗ ಅಕ್ವೇರಿಯಂ ಹೊಲಸಾಗಿದೆ ಅಂತ ಕಲ್ಲು, ಫಿಲ್ಟರ್ ಸ್ಪಂಜು ಎಲ್ಲಾ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಹೊಸ ಬೋರ್ ನೀರು ತುಂಬಿದೆ. ತೊಟ್ಟಿ ಫಳಫಳ. ನಾಲ್ಕನೇ ದಿನ ಎರಡೂ ಗೋಲ್ಡ್‌ಫಿಶ್ ಮೇಲೆ ತೇಲಿದವು.

ಮೀನಿನ ಹೊಲಸು ಕಣ್ಣಿಗೆ ಕಾಣ್ತದ. ಕೊಲ್ಲೋದು ಕಾಣದ ಅಮೋನಿಯಾ. ಹೊಲಸು, ಉಳಿದ ಆಹಾರ ಕೊಳೆತೂ ಅದು ಬರುತ್ತದೆ, ಆದರೆ ಹೆಚ್ಚಿನದು ಮೀನಿನ ಕಿವಿರಿನಿಂದಲೇ ನೇರ ಹೊರಬೀಳುತ್ತದೆ. ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ, ನೈಟ್ರೇಟ್ ಅಷ್ಟಿಲ್ಲ. ಆ ಕೆಲಸಗಾರರನ್ನೇ ನಾನು ಒಣಗಿಸಿ ಕೊಂದಿದ್ದೆ. ಅವು ಮತ್ತೆ ಬೆಳೆಯಲು ವಾರಗಟ್ಟಲೆ ಬೇಕು.

ಇನ್ನೊಂದು ಲೆಕ್ಕ ನೋಡ್ರಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ಸುಮಾರು ಶೇ. 0.6, ಪಿಎಚ್ 8 ಆದರೆ ಶೇ. 5ಕ್ಕೂ ಹೆಚ್ಚು. ಬಿಸಿಲು ಏರಿದರೆ ಇನ್ನೂ ಜಾಸ್ತಿ. ಪಿಎಚ್ ಲಾಗ್ ಸ್ಕೇಲ್ ಅಂತ ಫಸ್ಟ್ ಇಯರ್‌ನಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ, ಮೀನಿಗೆ ಉಪಯೋಗ ಆಗಲಿಲ್ಲ! ಕಿತ್ತೂರು, ರಾಮದುರ್ಗದ ಕಡೆ ಗಡಸು ಬೋರ್ ನೀರು ತುಂಬುವವರು ಮೊದಲು ಪಿಎಚ್ ನೋಡ್ರಿ. ಸವದತ್ತಿಯವರ ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಬಕೆಟ್‌ನಲ್ಲಿ ಒಂದು ದಿನ ತೆರೆದಿಡ್ರಿ.

ಈಗ ನಾನು ವಾರಕ್ಕೊಮ್ಮೆ ಕಾಲುಭಾಗ ನೀರಷ್ಟೇ, ಕಲ್ಲಿನ ಸಂದಿಯ ಹೊಲಸಿನ ಸಮೇತ, ಪೈಪಿನಿಂದ ಸೈಫನ್ ಮಾಡಿ ತೆಗೀತೀನಿ. ಸ್ಪಂಜನ್ನು ಅದೇ ನೀರಲ್ಲಿ ಹಿಂಡ್ತೀನಿ. ಆ ನೀರು ಅವ್ವನ ಮಲ್ಲಿಗೆ ಗಿಡಕ್ಕೆ.