ನಡುಹಗಲಲ್ಲಿ ಜಲಪಾತದ ಫೋಟೊ

ಜಲಪಾತದ ಫೋಟೊ ತೆಗೆಯಬೇಕಾದರೆ ಬಿಸಿಲು ಏರುವ ಮೊದಲೇ ಅಲ್ಲಿರಬೇಕು ಎಂದು ಛಾಯಾಗ್ರಹಣ ಕಲಿಸುವವರೆಲ್ಲ ಹೇಳುತ್ತಾರೆ. ಮಾತೇನೋ ಸರಿ. ಆದರೆ ನಮ್ಮ ಪ್ರವಾಸಗಳು ಹಾಗೆ ನಡೆಯುವುದಿಲ್ಲ. ಶೃಂಗೇರಿಯಲ್ಲಿ ಶಾರದಾಂಬೆಯ ದರ್ಶನ, ಕಿಗ್ಗದಲ್ಲಿ ಋಷ್ಯಶೃಂಗೇಶ್ವರನಿಗೆ ಮಂಗಳಾರತಿ, ನಡುವೆ ಮಕ್ಕಳ ತಿಂಡಿ, ಇಷ್ಟೆಲ್ಲ ಮುಗಿಸಿ ಸಿರಿಮನೆ ಜಲಪಾತದ ಮೆಟ್ಟಿಲು ಇಳಿಯುವಾಗ ಹನ್ನೊಂದೂವರೆ ದಾಟಿರುತ್ತದೆ. ಬಿಸಿಲು ನೆತ್ತಿಗೇರಿರುತ್ತದೆ. ಕ್ಯಾಮೆರಾ ತೆಗೆದು ಒತ್ತಿದರೆ ನೀರು ಹನಿಹನಿಯಾಗಿ ಗಾಳಿಯಲ್ಲೇ ನಿಂತುಬಿಟ್ಟಿರುತ್ತದೆ. ಕ್ಯಾಲೆಂಡರಿನಲ್ಲಿ ಕಾಣುವ ಆ ರೇಷ್ಮೆಯಂಥ ನೀರು ನಮ್ಮ ಚಿತ್ರದಲ್ಲಿ ಏಕೆ ಬರಲಿಲ್ಲ ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಹನ್ನೊಂದೂವರೆಗೆ ತಲುಪುವವರಿಗಾಗಿಯೇ ಈ ಬರಹ.

ಮೊದಲು ನೀರಿನ ಓಟ ನೋಡೋಣ. ಇಪ್ಪತ್ತು ಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದ ನೀರು ತಳ ಮುಟ್ಟುವಾಗ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿರುತ್ತದೆ, ಅಂದರೆ ಗಂಟೆಗೆ 70 ಕಿಲೋಮೀಟರ್. ಕ್ಯಾಮೆರಾದ ಶಟರ್ 1/500 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಹನಿ ಸರಿಯುವುದು ನಾಲ್ಕು ಸೆಂಟಿಮೀಟರ್ ಮಾತ್ರ. ಹನಿ ಹನಿಯಾಗಿಯೇ ಕಾಣುತ್ತದೆ. 1/15 ಸೆಕೆಂಡ್ ತೆರೆದಿಟ್ಟರೆ ಅದೇ ಹನಿ ಒಂದು ಮೀಟರಿಗೂ ಹೆಚ್ಚು ಇಳಿದು ಗೆರೆಯಾಗುತ್ತದೆ. ಅರ್ಧ ಸೆಕೆಂಡ್ ಬಿಟ್ಟರೆ ಗೆರೆಗಳು ಒಂದರ ಮೇಲೊಂದು ಬಿದ್ದು ಪರದೆಯಾಗುತ್ತವೆ. ನಮಗೆ ಬೇಕಾದದ್ದು ಇದೇ. ತೊಡಕೆಂದರೆ, ನಡುಹಗಲಲ್ಲಿ ಅರ್ಧ ಸೆಕೆಂಡ್ ಶಟರ್ ತೆರೆದರೆ ನೀರಿನ ಜೊತೆ ಅಪಾರ ಬೆಳಕೂ ಒಳನುಗ್ಗಿ ಚಿತ್ರ ಪೂರ್ತಿ ಬಿಳಿಚಿಹೋಗುತ್ತದೆ.

ಎಷ್ಟು ಬೆಳಕು ಹೆಚ್ಚಾಯಿತು ಎಂಬುದನ್ನು ಬೆರಳೆಣಿಕೆಯಲ್ಲೇ ಲೆಕ್ಕ ಹಾಕಬಹುದು. ಫಿಲ್ಮ್ ಕಾಲದಿಂದ ಬಂದ ಒಂದು ಸೂತ್ರವಿದೆ: ಪ್ರಖರ ಬಿಸಿಲಿನಲ್ಲಿ ಅಪರ್ಚರ್ ಎಫ್/16 ಇಟ್ಟರೆ, ಐಎಸ್‌ಒ ಎಷ್ಟಿದೆಯೋ ಸೆಕೆಂಡಿನ ಅಷ್ಟನೇ ಒಂದು ಭಾಗ ಶಟರ್ ಸಾಕು. ಐಎಸ್‌ಒ 100 ಆದರೆ 1/100, ಕ್ಯಾಮೆರಾದಲ್ಲಿ ಅದರ ಹತ್ತಿರದ 1/125 ಎಂದಿಟ್ಟುಕೊಳ್ಳಿ. ಅಪರ್ಚರ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಚಿಕ್ಕದು ಎಂಬುದು ಹೊಸಬರನ್ನು ಕೆಲ ದಿನ ಗೊಂದಲಕ್ಕೆ ಕೆಡವುತ್ತದೆ, ರೂಢಿಯಾದರೆ ಸರಿಹೋಗುತ್ತದೆ. ಈಗ 1/125ರಿಂದ ಅರ್ಧ ಸೆಕೆಂಡಿಗೆ ಹೋಗೋಣ. 1/60, 1/30, 1/15, 1/8, 1/4, 1/2. ಆರು ಹೆಜ್ಜೆ. ಪ್ರತಿ ಹೆಜ್ಜೆಗೂ ಬೆಳಕು ಇಮ್ಮಡಿ. ಈ ಹೆಜ್ಜೆಗೆ ಛಾಯಾಗ್ರಾಹಕರು ಸ್ಟಾಪ್ ಎನ್ನುತ್ತಾರೆ. ಆರು ಸ್ಟಾಪ್ ಎಂದರೆ ಅರವತ್ತನಾಲ್ಕು ಪಟ್ಟು. ಅಷ್ಟು ಬೆಳಕನ್ನು ಲೆನ್ಸಿನ ಬಾಗಿಲಲ್ಲೇ ತಡೆದರೆ ಕೆಲಸ ಮುಗಿಯಿತು.

ಎಫ್/22ಕ್ಕೆ ಇಳಿಸಿದರೆ ಆಗದೇ ಎಂದು ಕೇಳುತ್ತೀರಿ. ಅದರಿಂದ ಸಿಗುವುದು ಒಂದೇ ಸ್ಟಾಪ್. ಮೇಲಾಗಿ ಕಿಂಡಿ ಅಷ್ಟು ಚಿಕ್ಕದಾದಾಗ ಬೆಳಕು ಅಂಚಿನಲ್ಲಿ ಚದುರಿ, ಬಂಡೆ, ಎಲೆ, ಪಾಚಿ ಎಲ್ಲವೂ ಮಂಕಾಗುತ್ತವೆ. ನೀರು ಮಸುಕಾಗಬೇಕು, ಬಂಡೆ ಚೂಪಾಗಿರಬೇಕು. ಇವೆರಡರ ಜಗಳವೇ ಈ ಬಗೆಯ ಚಿತ್ರದ ಸೊಗಸು. ಹಾಗಾಗಿ ಎಫ್/8ರಿಂದ ಎಫ್/11ರ ನಡುವೆ ಇರಿ, ತೀರಾ ಬೇಕಾದರೆ ಎಫ್/16.

ಬೆಳಕನ್ನು ತಡೆಯಲು ಇರುವುದು ಎನ್‌ಡಿ ಫಿಲ್ಟರ್. ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಬೂದು ಗಾಜು. ಅಂಗಡಿಯಲ್ಲಿ ಇದನ್ನು ಎರಡು ಲೆಕ್ಕದಲ್ಲಿ ಗುರುತಿಸುತ್ತಾರೆ. ಎನ್‌ಡಿ8 ಎಂದರೆ ಬೆಳಕಿನ ಎಂಟನೇ ಒಂದು ಭಾಗ ಮಾತ್ರ ಒಳಬರುತ್ತದೆ, ಮೂರು ಸ್ಟಾಪ್. ಅದನ್ನೇ ಕೆಲವರು 0.9 ಎಂದು ಬರೆಯುತ್ತಾರೆ. ನಮ್ಮ ಆರು ಸ್ಟಾಪಿನದು ಎನ್‌ಡಿ64, ಇನ್ನೊಂದು ಲೆಕ್ಕದಲ್ಲಿ 1.8. ಹತ್ತು ಸ್ಟಾಪಿನದು ಎನ್‌ಡಿ1000, ಅಥವಾ 3.0. ಪ್ರತಿ ಸ್ಟಾಪಿಗೆ 0.3 ಎಂದು ನೆನಪಿಟ್ಟುಕೊಂಡರೆ ಎರಡೂ ಲೆಕ್ಕ ಹೊಂದುತ್ತವೆ.

ಇದರ ಜೊತೆಗೆ ಪೋಲರೈಸರ್ ಒಂದಿದ್ದರೆ ಇನ್ನೂ ಒಳ್ಳೆಯದು. ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ, ಆದರೆ ಅದರ ನಿಜವಾದ ಉಪಯೋಗ ಬೇರೆ. ಒದ್ದೆ ಬಂಡೆಯ ಮೇಲೆ, ಎಲೆಗಳ ಮೇಲೆ ಬಿಸಿಲು ಹೊಳೆದು ಬಿಳಿ ಕಲೆಗಳಾಗಿರುತ್ತವಲ್ಲ, ಲೆನ್ಸಿನ ತುದಿಯಲ್ಲಿ ಫಿಲ್ಟರನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಅವು ಮಾಯವಾಗುತ್ತವೆ. ಬಂಡೆ ಕಪ್ಪಗೆ, ಪಾಚಿ ಹಸಿರಾಗಿ ಕಾಣುತ್ತದೆ. ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲಾಗದು. ಎಫ್/11, ಐಎಸ್‌ಒ 100, ಪೋಲರೈಸರ್ ಮತ್ತು ಎನ್‌ಡಿ64 ಎರಡನ್ನೂ ಹಾಕಿದರೆ ಪೂರ್ಣ ಬಿಸಿಲಿನಲ್ಲಿ ಸುಮಾರು ಮುಕ್ಕಾಲಿನಿಂದ ಒಂದು ಸೆಕೆಂಡ್ ಸಿಗುತ್ತದೆ. ತಿರುಗಿಸಿ ಕಪ್ಪು ಹೆಚ್ಚುಕಡಿಮೆ ಮಾಡುವ ವೇರಿಯೆಬಲ್ ಎನ್‌ಡಿ ಅನುಕೂಲವೇನೋ ಹೌದು, ಆದರೆ ವೈಡ್ ಲೆನ್ಸಿಗೆ ಹಾಕಿ ಪೂರ್ತಿ ತಿರುಗಿಸಿದರೆ ಚಿತ್ರದಲ್ಲಿ ಗುಣಾಕಾರ ಚಿಹ್ನೆಯಂಥ ಕಪ್ಪು ಪಟ್ಟೆ ಬೀಳುತ್ತದೆ. ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ.

ಸ್ಥಳದಲ್ಲಿ ಕೆಲಸದ ಕ್ರಮ ಮುಖ್ಯ. ಟ್ರೈಪಾಡ್ ಇಲ್ಲದೆ ಅರ್ಧ ಸೆಕೆಂಡ್ ಕೈಯಲ್ಲಿ ನಿಲ್ಲದು. ಅದರ ಕಾಲನ್ನು ಹರಿಯುವ ನೀರಿನಲ್ಲಿ ಇಡಬೇಡಿ, ಸೆಳೆತಕ್ಕೆ ನಡುಗುತ್ತದೆ. ಜನ ಓಡಾಡುವ ಕಾಲುಸೇತುವೆಯ ಮೇಲೂ ಬೇಡ. ಫಿಲ್ಟರ್ ಹಾಕುವ ಮೊದಲೇ ಚೌಕಟ್ಟು ನೋಡಿ, ಬಂಡೆಯ ಮೇಲೆ ಫೋಕಸ್ ಮಾಡಿ, ಫೋಕಸನ್ನು ಮ್ಯಾನುಯಲ್‌ಗೆ ಬದಲಿಸಿ. ಕಪ್ಪು ಗಾಜಿನ ಹಿಂದಿನಿಂದ ಕ್ಯಾಮೆರಾ ತಡಕಾಡದಿರಲಿ. ಮೋಡ್ ಕೂಡ ಮ್ಯಾನುಯಲ್ ಇರಲಿ, ಐಎಸ್‌ಒ ಕ್ಯಾಮೆರಾದಲ್ಲಿರುವ ಅತಿ ಕಡಿಮೆಯದು. ಫಿಲ್ಟರ್ ಇಲ್ಲದೆ ಒಂದು ಫೋಟೊ ತೆಗೆದು ಎಕ್ಸ್‌ಪೋಷರ್ ಸರಿಯಿದೆಯೇ ನೋಡಿ, ಆ ಶಟರ್ ಸಂಖ್ಯೆಯಿಂದ ಆರು ಹೆಜ್ಜೆ ಎಣಿಸಿ, ಆಮೇಲೆ ಫಿಲ್ಟರ್ ತಿರುಗಿಸಿ ಕೂರಿಸಿ. ಬೆರಳಿನ ಒತ್ತಡಕ್ಕೆ ಕ್ಯಾಮೆರಾ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಇಡಿ. ಇಮೇಜ್ ಸ್ಟೆಬಿಲೈಸೇಷನ್ ಇದ್ದರೆ ಆರಿಸಿ. ಪ್ರತಿ ಫೋಟೊಗೂ ಮುನ್ನ ಫಿಲ್ಟರಿನ ಮೇಲೆ ತುಂತುರು ಕೂತಿದೆಯೇ ನೋಡಿ ಒರೆಸಿ. ಒಂದೇ ಹನಿ ಸಾಕು, ಚಿತ್ರದ ಮೂಲೆಯೊಂದು ಕರಗಿಹೋಗುತ್ತದೆ. ಇನ್ನು ಜಲಪಾತದಡಿ ಸ್ನಾನ ಮಾಡುವವರು ಚಿತ್ರದಲ್ಲಿ ಬರುವುದಾದರೆ ಅವರು ಆವಿಯಾಗಿ ಕಾಣುತ್ತಾರೆ. ಒಬ್ಬರನ್ನು ಕೂಗಿ ಕರೆದು ಕ್ಷಣ ಹೊತ್ತು ಅಲುಗದೆ ನಿಲ್ಲಲು ಕೇಳಿಕೊಳ್ಳಿ, ಜಲಪಾತ ಎಷ್ಟು ಎತ್ತರ ಎಂಬುದಕ್ಕೆ ಅಳತೆಗೋಲೂ ಸಿಕ್ಕಂತಾಯಿತು.

ಇಷ್ಟರವರೆಗಿನದು ಲೆಕ್ಕ. ಎಷ್ಟು ಮಸುಕು ಬೇಕು ಎಂಬುದು ಕಣ್ಣಿಗೆ ಬಿಟ್ಟದ್ದು, ಮತ್ತು ಕಲಿಯಲು ಜೋಗಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಶರಾವತಿ ಅಲ್ಲಿ ನಾಲ್ಕಾಗಿ ಬೀಳುತ್ತಾಳೆ, ನಾಲ್ಕರ ನಡೆಯೂ ಬೇರೆ. ರಾಜ 253 ಮೀಟರ್ ಎತ್ತರದಿಂದ ನೇರ ಕಂಬವಾಗಿ ಇಳಿಯುತ್ತಾನೆ. ರಾಣಿ ಬಂಡೆಯ ಮೈಗೆ ಅಂಟಿಕೊಂಡು, ಹರಡಿಕೊಂಡು, ಸಾವಕಾಶವಾಗಿ ಬರುತ್ತಾಳೆ. ರಾಕೆಟ್ ಚಿಮ್ಮಿ ಚಿಮ್ಮಿ ಬೀಳುತ್ತದೆ, ಹೆಸರು ಬಂದದ್ದೇ ಅದಕ್ಕೆ. ಅರ್ಧ ಸೆಕೆಂಡಿನಲ್ಲಿ ತೆಗೆದರೆ ರಾಣಿಯ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಚೆಲುವಾಗಿ ಬರುತ್ತದೆ, ಆದರೆ ರಾಕೆಟ್ಟಿನ ಚಿಮ್ಮು ಅಳಿಸಿಹೋಗಿ ಬರೀ ಬಿಳಿ ಪಟ್ಟಿ ಉಳಿಯುತ್ತದೆ. ಅದನ್ನು 1/250ರಲ್ಲಿ ತೆಗೆದು ನೋಡಿ, ನೀರು ಈಟಿಗಳಾಗಿ ಹೊರಡುವುದು ಕಾಣುತ್ತದೆ. ಎಲ್ಲ ನೀರನ್ನೂ ನಯ ಮಾಡಲೇಬೇಕು ಎಂಬ ಹಟ ನನಗೆ ಒಪ್ಪಿಗೆಯಿಲ್ಲ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್ ಇಟ್ಟು ಜಲಪಾತವನ್ನು ಬಿಳಿ ಮಂಜು ಮಾಡಿಡುವ ಚಿತ್ರಗಳಲ್ಲಿ ಜೋಗ ಯಾವುದು, ಅಬ್ಬಿ ಯಾವುದು ಎಂದು ಹೇಳಲೂ ಬಾರದು.

ದೂರವೂ ಲೆಕ್ಕಕ್ಕೆ ಬರುತ್ತದೆ. ಜೋಗದಲ್ಲಿ ಕಣಿವೆಯ ಈಚೆ ದಡದಿಂದ ನೋಡುವಾಗ ನೀರು ನಿಧಾನವಾಗಿ ಇಳಿದಂತೆ ಕಾಣುತ್ತದೆ, ಅರ್ಧದಿಂದ ಒಂದು ಸೆಕೆಂಡ್ ಬೇಕಾದೀತು. ಸಿರಿಮನೆಯಲ್ಲಿ ಪಕ್ಕದಲ್ಲೇ ನಿಂತಾಗ 1/8 ಸೆಕೆಂಡೇ ಸಾಕು. ಮಳೆಗಾಲದ ಗೋಕಾಕದಲ್ಲಿ ಘಟಪ್ರಭೆ ಕೆಂಪಗೆ ತುಂಬಿ ಧುಮುಕುವಾಗಲಂತೂ 1/15 ದಾಟಬೇಡಿ, ನೀರಿನ ಭಾರ ಚಿತ್ರದಲ್ಲಿ ಉಳಿಯಬೇಕು. ಇದಕ್ಕೆ ವಿರುದ್ಧವಾಗಿ, ಎಳೆಎಳೆಯಾಗಿ ಬೀಳುವ ತೆಳು ನೀರಿಗೆ ಒಂದು ಸೆಕೆಂಡ್ ಚೆನ್ನ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಜೋಗದ ನೀರಿನ ಬಹುಪಾಲು ವಿದ್ಯುತ್ತಿಗೆ ಹೋಗುವುದರಿಂದ ಮಳೆ ನಿಂತ ಕೆಲ ತಿಂಗಳಲ್ಲೇ ಅಲ್ಲಿ ಇಂಥ ಎಳೆಗಳು ಸಿಗುತ್ತವೆ.

ಬಿಸಿಲಿನ ಇನ್ನೊಂದು ತೊಡಕನ್ನು ಯಾವ ಫಿಲ್ಟರೂ ಪರಿಹರಿಸದು. ನೀರು ಕಣ್ಣು ಕುಕ್ಕುವಷ್ಟು ಬಿಳಿ, ಪಕ್ಕದ ಬಂಡೆಯ ನೆರಳು ಕಾಡಿಗೆ ಕಪ್ಪು. ಎನ್‌ಡಿ ಎರಡನ್ನೂ ಸಮನಾಗಿ ತಗ್ಗಿಸುತ್ತದೆ, ಅಂತರ ಹಾಗೇ ಉಳಿಯುತ್ತದೆ. ಬಿಳಿ ಒಮ್ಮೆ ಸುಟ್ಟುಹೋದರೆ ಅಲ್ಲಿ ಮತ್ತೇನೂ ಸಿಗದು, ಕಪ್ಪಿನಿಂದ ಮಾತ್ರ ಸ್ವಲ್ಪ ಹೊರತೆಗೆಯಬಹುದು. ಆದ್ದರಿಂದ ಎಕ್ಸ್‌ಪೋಷರನ್ನು ಬೇಕೆಂದೇ ಅರ್ಧ, ಮುಕ್ಕಾಲು ಸ್ಟಾಪ್ ಕಡಿಮೆ ಇಡಿ, ರಾ ಫೈಲಿನಲ್ಲಿ ತೆಗೆಯಿರಿ, ಹಿಸ್ಟೋಗ್ರಾಂ ಬಲಗಡೆಯ ಗೋಡೆಗೆ ಒತ್ತಿಕೊಂಡಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಎಲ್ಲಕ್ಕಿಂತ ಸುಲಭದ ಉಪಾಯ ಮೋಡಕ್ಕೆ ಕಾಯುವುದು. ಹಾಗೆಂದು ಬಿಸಿಲು ಬರೀ ಶತ್ರುವೂ ಅಲ್ಲ. ಸೂರ್ಯ ಬೆನ್ನ ಹಿಂದಿದ್ದು, ತುಂತುರಿನ ಮೋಡ ಕಣ್ಣಿಗಿಂತ ಕೆಳಗಿದ್ದರೆ ನಡುಹಗಲಲ್ಲೂ ಕಾಮನಬಿಲ್ಲು ಸಿಗುತ್ತದೆ. ಆಗ ಪೋಲರೈಸರನ್ನು ನೋಡಿಕೊಂಡು ತಿರುಗಿಸಿ, ಒಂದು ಕೋನದಲ್ಲಿ ಬಿಲ್ಲು ಗಾಢವಾಗುತ್ತದೆ, ಇನ್ನೊಂದರಲ್ಲಿ ಪೂರ್ತಿ ಮಾಯವಾಗುತ್ತದೆ.

ಫಿಲ್ಟರೇ ಇಲ್ಲವೇ? ಟ್ರೈಪಾಡಿನ ಮೇಲಿಂದ ಅಲುಗದಂತೆ 1/125 ಸೆಕೆಂಡಿನ ಎಪ್ಪತ್ತು ಫೋಟೊ ಒಂದರ ಹಿಂದೊಂದು ತೆಗೆಯಿರಿ. ಕಂಪ್ಯೂಟರಿನಲ್ಲಿ ಅವುಗಳ ಸರಾಸರಿ ಮಾಡಿದರೆ ಅರ್ಧ ಸೆಕೆಂಡಿಗೂ ಮೀರಿದ ಮಸುಕು ಬರುತ್ತದೆ. ಫೋಟೊಶಾಪಿನಲ್ಲಿ ಇದಕ್ಕೆ ವ್ಯವಸ್ಥೆಯಿದೆ, ಉಚಿತವಾಗಿ ಸಿಗುವ ಗಿಂಪ್‌ನಲ್ಲೂ ಮಾಡಬಹುದು. ಫೋನಿನವರಿಗೂ ದಾರಿ ಇದೇ. ಫೋನಿನ ಕಿಂಡಿ ಸಾಮಾನ್ಯವಾಗಿ ಚಿಕ್ಕದಾಗದು, ಬಿಸಿಲಿನಲ್ಲಿ ಅದರ ಶಟರ್ ಸೆಕೆಂಡಿನ ಸಾವಿರಾರು ಭಾಗದಲ್ಲೊಂದಕ್ಕೆ ಓಡುತ್ತದೆ. ಆದ್ದರಿಂದ ಅದು ಹಲವು ಚಿತ್ರ ತೆಗೆದು ತಾನೇ ಬೆರೆಸುತ್ತದೆ. ಐಫೋನಿನಲ್ಲಿ ಲೈವ್ ಫೋಟೊ ತೆಗೆದು, ಆಮೇಲೆ ಲಾಂಗ್ ಎಕ್ಸ್‌ಪೋಷರ್ ಆರಿಸಿದರಾಯಿತು. ಪಿಕ್ಸೆಲ್ 6 ಮತ್ತು ನಂತರದ ಪಿಕ್ಸೆಲ್ ಫೋನುಗಳ ಕ್ಯಾಮೆರಾದಲ್ಲೂ ಅದೇ ಹೆಸರಿನ ಆಯ್ಕೆಯಿದೆ. ಫೋನನ್ನು ಯಾವುದಾದರೂ ಬಂಡೆಗೆ ಒರಗಿಸಿಡಿ, ಆದರೆ ಪಾಚಿ ಕಟ್ಟಿದ ಬಂಡೆಯ ಮೇಲೆ ನೀವು ಹತ್ತಬೇಡಿ. ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ನೀರು ಹೇಳದೆ ಏರುತ್ತದೆ.

ಫಿಲ್ಟರ್ ಕೊಳ್ಳುವುದಾದರೆ ಮೊದಲು ಎನ್‌ಡಿ64 ಕೊಳ್ಳಿ, ಎನ್‌ಡಿ1000 ಕೊನೆಗಿರಲಿ. ಜಲಪಾತಕ್ಕೆ ಅದು ಅಪರೂಪಕ್ಕೆ ಬೇಕಾಗುವುದು. ತೀರಾ ಅಗ್ಗದವು ಚಿತ್ರಕ್ಕೆ ಕಂದು ಛಾಯೆ ಹಚ್ಚುತ್ತವೆ. ಹಣ ಕೊಡುವ ಮೊದಲು ಲೆನ್ಸಿನ ಮುಂಭಾಗದಲ್ಲಿ, ಸೊನ್ನೆಗೆ ಅಡ್ಡಗೆರೆ ಎಳೆದಂಥ ಗುರುತಿನ ಪಕ್ಕ ಬರೆದಿರುವ 58, 67 ಅಥವಾ 77ರಂಥ ಸಂಖ್ಯೆ ನೋಡಿಕೊಳ್ಳಿ. ಎರಡು ಮೂರು ಲೆನ್ಸುಗಳಿದ್ದರೆ ದೊಡ್ಡದರ ಅಳತೆಗೆ ಒಂದೇ ಫಿಲ್ಟರ್ ತೆಗೆದುಕೊಂಡು, ಉಳಿದವಕ್ಕೆ ಸ್ಟೆಪ್‌ಅಪ್ ರಿಂಗ್ ಕೇಳಿ. ಫಿಲ್ಟರಿಗಿಂತ ಅದರ ಬೆಲೆ ಎಷ್ಟೋ ಕಡಿಮೆ.