ಸುಭದ್ರೆಯ ನಿದ್ದೆ

ಪುಟ್ಟಿ, ಎಪಿಜೆನೆಟಿಕ್ಸ್ ಬಗ್ಗೆ ಜನರ ಮುಂದೆ ಮಾತಾಡುವ ಕೆಲಸ ನಿನ್ನ ಪಾಲಿಗೆ ಬಂದಿದೆ ಅಂದೆ. ಸಂತೋಷ. ದೆಹಲಿಯಲ್ಲಿ ನೀನು ಎಲ್ಲಿಗೇ ಹೋಗು, ರಾವ್ ತುಲಾರಾಂ ಮಾರ್ಗದ ನಮ್ಮ ಕರ್ನಾಟಕ ಸಂಘಕ್ಕೋ ಸಂಗಂ ವಿಹಾರದ ಅಂಗನವಾಡಿಗೋ, ಎರಡನೇ ಸ್ಲೈಡು ಬರುವ ಮೊದಲೇ ಯಾರಾದರೂ ಎದ್ದು ನಿಂತು, "ಇದೆಲ್ಲ ಅಭಿಮನ್ಯುವಿನ ಕಾಲದಿಂದ ನಮಗೆ ಗೊತ್ತಿದ್ದದ್ದೇ" ಅನ್ನುತ್ತಾರೆ. ನಗಬೇಡ, ತಿದ್ದುವುದಕ್ಕೂ ಹೋಗಬೇಡ. ಆ ಕತೆಯಲ್ಲಿ ತಪ್ಪು ಯಾರ ತಲೆಗೆ ಬಂತು ಅಂತ ತಿರುಗಿ ಕೇಳು. ಚಕ್ರವ್ಯೂಹ ಕಟ್ಟಿದವರು ದ್ರೋಣರು, ಒಬ್ಬ ಹುಡುಗನ ಮೇಲೆ ಮುಗಿಬಿದ್ದವರು ಮಹಾರಥರು. ಆದರೆ ಮನೆಮನೆಯಲ್ಲಿ ನೆನಪಿರುವುದು, ಹೊಟ್ಟೆಯೊಳಗಿನ ಅಭಿಮನ್ಯು ವ್ಯೂಹದ ಗುಟ್ಟು ಕೇಳಿಸಿಕೊಳ್ಳುತ್ತಿದ್ದಾಗ ಬಸುರಿ ಸುಭದ್ರೆ ನಡುವೆ ನಿದ್ದೆ ಹೋದಳು ಅನ್ನುವುದು. ನೀನು ಹೇಳುವ ವಿಜ್ಞಾನವನ್ನು ಜನ ಈ ಕತೆಯ ಪಕ್ಕದಲ್ಲೇ ಇಟ್ಟುಕೊಂಡು ಕೇಳುತ್ತಾರೆ. ತಾಯಿಯನ್ನು ದೂರುವುದಕ್ಕೆ ನೀನು ಹೊಸ ಸಾಕ್ಷಿ ಒದಗಿಸಬೇಡ, ಅಷ್ಟೇ.

ಇದು ನನ್ನೊಬ್ಬನ ಹೆದರಿಕೆಯಲ್ಲ. 2014ರ ಆಗಸ್ಟಿನಲ್ಲಿ ಸಾರಾ ರಿಚರ್ಡ್‌ಸನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಇದನ್ನೇ ಬರೆದರು: ಈ ಶಾಸ್ತ್ರದ ಸುದ್ದಿಗಳೆಲ್ಲ ಸುತ್ತಿ ಬಳಸಿ ತಾಯಿಯ ಹೊಟ್ಟೆಗೇ ಬಂದು ನಿಲ್ಲುತ್ತವೆ, ಅಪ್ಪನ, ಸಮಾಜದ ಪಾತ್ರ ಮರೆಯಾಗುತ್ತದೆ ಅಂತ. ನಮ್ಮಲ್ಲಿ ಅದಕ್ಕೆ ಗರ್ಭಸಂಸ್ಕಾರದ ವ್ಯಾಪಾರವೂ ಸೇರಿಕೊಂಡಿದೆ. 2023ರ ಮಾರ್ಚಿನಲ್ಲಿ ಜೆಎನ್‌ಯುನಲ್ಲೇ ಅದರ ಕಾರ್ಯಾಗಾರ ನಡೆದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಬಸುರಿ ಹಾಡು ಕೇಳಿ ನೆಮ್ಮದಿಯಾಗಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ಮಗು ದಡ್ಡನಾದರೆ ನೀನು ಸರಿಯಾಗಿ ಶ್ಲೋಕ ಕೇಳಲಿಲ್ಲ ಅಂತ ಅತ್ತೆ ಹೇಳುವ ದಿನ ಬಂದರೆ, ಅವರ ಬಾಯಲ್ಲಿ ನಿನ್ನ 'ಡಿಎನ್‌ಎ ಮಿಥೈಲೇಷನ್', ಅಂದರೆ ಜೀನಿನ ಮೇಲೆ ಕೂರುವ ಆ ಮಿಥೈಲ್ ಗುರುತು, ಇರಬಾರದು.

ಹಾಗಾದರೆ ಏನು ಹೇಳಬೇಕು? ಊರಿನದ್ದನ್ನೇ ಹೇಳು. ದಕ್ಷಿಣ ದೆಹಲಿಯ ಲಾಜಪತ್ ನಗರದ ಸುತ್ತ 1969ರಿಂದ 1972ರವರೆಗೆ ಹುಟ್ಟಿದ 8,181 ಮಕ್ಕಳ ತೂಕ, ಎತ್ತರ ಬರೆದಿಟ್ಟು ದಶಕಗಳ ಕಾಲ ಅವರನ್ನು ಹಿಂಬಾಲಿಸಿದ್ದಾರೆ. 2004ರಲ್ಲಿ ಸಂತೋಷ್ ಭಾರ್ಗವ, ಎಚ್.ಪಿ.ಎಸ್. ಸಚ್‌ದೇವ್, ಕ್ಯಾರೊಲಿನ್ ಫಾಲ್ ಮತ್ತಿತರರು ಅವರಲ್ಲಿ 1,492 ಜನರ ಲೆಕ್ಕ ಪ್ರಕಟಿಸಿದರು. ಮೂವತ್ತರ ಆಸುಪಾಸಿಗೇ ಶೇ 4.4 ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ ಶೇ 10.8 ಮಂದಿ ಅದರ ಹೊಸ್ತಿಲಲ್ಲಿ. ಎರಡು ವರ್ಷದವರೆಗೆ ಸಣಕಲಾಗಿದ್ದು, ಆಮೇಲೆ ಬೇಗ ಮೈ ತುಂಬಿಕೊಳ್ಳುತ್ತ ಹೋದ ಮಕ್ಕಳೇ ಇವರಲ್ಲಿ ಹೆಚ್ಚು. ಹನ್ನೆರಡನೇ ವಯಸ್ಸಿನಲ್ಲಿ ಇವರಲ್ಲಿ ಒಬ್ಬರಿಗೂ ಬೊಜ್ಜಿರಲಿಲ್ಲ, ಗಮನಿಸು.

ನಮ್ಮ ಮೈಸೂರಿನ ಕತೆ ಇನ್ನೂ ಸೋಜಿಗ. ಮಿಷನ್ ಆಸ್ಪತ್ರೆಯಲ್ಲಿ, ಅದೇ ಹೋಲ್ಡ್ಸ್‌ವರ್ತ್, 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ದಾಖಲಾಗಿದೆ. ಆ ಹಳೇ ಪುಸ್ತಕ ಹಿಡಿದು, ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿಗೆ ಬಂದ ಮೇಲೆ ಹುಡುಕಿಕೊಂಡು ಹೋದರು. ಹಗುರವಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ. ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಕಂಡದ್ದೂ ಅದೇ. ಸಕ್ಕರೆ ಕಾಯಿಲೆ ಮಾತ್ರ ಉಲ್ಟಾ. ಇಂಗ್ಲೆಂಡಿನಲ್ಲಿ ಅದು ಹಗುರ ಕೂಸುಗಳ ಪಾಲು, ಮೈಸೂರಿನಲ್ಲಿ ಗಿಡ್ಡಗೆ ಗುಂಡಗೆ ಹುಟ್ಟಿದವರ, ತೂಕದ ತಾಯಂದಿರ ಮಕ್ಕಳ ಪಾಲು. 'ಹೀಗೆ ಹುಟ್ಟಿದರೆ ಹೀಗೇ ಆಗುತ್ತದೆ' ಅಂತ ಯಾವ ಸಭೆಯಲ್ಲೂ ಹೇಳಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇನ್ನೊಂದು, ಈ ಎರಡು ಊರಿನಲ್ಲೂ ಅಳೆದದ್ದು ತೂಕ, ಉದ್ದ. ಜೀನುಗಳ ಮೇಲಿನ ಗುರುತನ್ನಲ್ಲ. ನಡುವಿನ ಕೊಂಡಿ ಎಪಿಜೆನೆಟಿಕ್ಸ್ ಇರಬಹುದು ಅನ್ನುವುದು ಊಹೆ. ಊಹೆಯನ್ನು ಊಹೆ ಅಂತಲೇ ಹೇಳು. ಜನ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಜೀನಿಗೆ 'ಸ್ವಿಚ್ಚು' ಅನ್ನುವ ಚಟ ನಿನ್ನ ಓರಗೆಯವರಿಗೆಲ್ಲ ಇದೆ. ಸ್ವಿಚ್ಚು ಅಂದ ಕೂಡಲೇ ಆರಿಸಿದವರು ಯಾರು ಅಂತ ಹುಡುಕುತ್ತಾರೆ. ಒಲೆಯ ಉರಿ ಅನ್ನು, ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ. ಹಾಲೆಂಡಿನ 1944-45ರ ಬರಗಾಲದಲ್ಲಿ ಗರ್ಭದಲ್ಲಿ ರೂಪುಗೊಂಡವರಿಗೂ ಅವರ ಒಡಹುಟ್ಟಿದವರಿಗೂ ಆರು ದಶಕದ ನಂತರ ಐಜಿಎಫ್2 ಜೀನಿನ ಗುರುತಿನಲ್ಲಿ ಕಂಡ ವ್ಯತ್ಯಾಸ ಸುಮಾರು ಶೇ 5, ಅಷ್ಟೇ.

ಲಾಜಪತ್ ನಗರ ಅಂದೆನಲ್ಲ, ಅದು ದೇಶವಿಭಜನೆಯಲ್ಲಿ ಎಲ್ಲ ಕಳೆದುಕೊಂಡು ಬಂದವರು ಕಟ್ಟಿಕೊಂಡ ಬಡಾವಣೆ. ಅಲ್ಲಿ ಮಾತಾಡಿದರೆ ಮೊಮ್ಮಗಳೊಬ್ಬಳು ಕೇಳುತ್ತಾಳೆ: ಅಜ್ಜಿಯ ಭಯ ನನ್ನ ರಕ್ತದಲ್ಲಿ ಬಂದಿದೆಯಾ? ಯೆಹೂದಿ ನರಮೇಧದಲ್ಲಿ ಬದುಕುಳಿದವರ ಬಗ್ಗೆ ರೇಚಲ್ ಯೆಹುದಾ ಪ್ರಕಟಿಸಿದ ಅಧ್ಯಯನವನ್ನು ಅವಳು ಎಲ್ಲೋ ಓದಿರುತ್ತಾಳೆ. ಅದರಲ್ಲಿ ಇದ್ದದ್ದು 32 ಹಿರಿಯರು, 22 ಮಕ್ಕಳು. ತಲೆಮಾರು ದಾಟುವುದು ಅಂದರೇನು ಅಂತಲೂ ಹೇಳು: ಬಸುರಿ ಹಸಿದಿದ್ದಾಗ ಅವಳು, ಹೊಟ್ಟೆಯ ಹೆಣ್ಣು ಕೂಸು, ಆ ಕೂಸಿನೊಳಗೆ ಆಗಲೇ ಮೂಡುವ ಅಂಡಾಣು, ಮೂರು ತಲೆಮಾರೂ ಒಟ್ಟಿಗೇ ಹಸಿದಿರುತ್ತವೆ. ಅದನ್ನು ದಾಟಿ ಮರಿಮಗಳಲ್ಲೂ ಕಂಡರೆ ಮಾತ್ರ ಆಸ್ತಿಯಂತೆ ಇಳಿದು ಬಂತು ಅನ್ನಬಹುದು. ಮನುಷ್ಯರಲ್ಲಿ ಅದು ಇನ್ನೂ ರುಜುವಾತಾಗಿಲ್ಲ. ಆದರೆ ಅಜ್ಜಿ ಹೇಳಿದ ಕತೆ, ನಡುರಾತ್ರಿ ಬಾಗಿಲ ಚಿಲಕ ಮತ್ತೆ ಮತ್ತೆ ನೋಡುತ್ತಿದ್ದದ್ದು, ಅದೂ ಬಂದದ್ದೇ ಅಲ್ಲವೇ? ಆ ಮೊಮ್ಮಗಳ ನೋವನ್ನು ಒಪ್ಪಿಕೊಳ್ಳುವುದಕ್ಕೆ ಮಿಥೈಲಿನ ಸಾಕ್ಷಿ ಬೇಕಾಗಿಲ್ಲ.

ಗುರುಗ್ರಾಮದ ಅಪಾರ್ಟ್‌ಮೆಂಟಿನವರು 'ಜೈವಿಕ ವಯಸ್ಸಿ'ನ ಪರೀಕ್ಷೆ ಬಗ್ಗೆ ಕೇಳುತ್ತಾರೆ. 2013ರಲ್ಲಿ ಸ್ಟೀವ್ ಹೋರ್ವಾತ್ ಇಂಥ 353 ಮಿಥೈಲ್ ಗುರುತು ಲೆಕ್ಕಹಾಕಿ ಮಾಡಿದ ಗಡಿಯಾರ ಸಂಶೋಧನೆಗೆ ಒಳ್ಳೆಯದು ಅನ್ನು. ಆ ಅಂಕಿ ನಾಳೆ ವಿಮಾ ಕಂಪನಿಯ ಕೈಗೆ ಸಿಕ್ಕರೆ ಏನು ಅಂತಲೂ ಕೇಳು. ಆನುವಂಶಿಕ ಕಾಯಿಲೆ ಅಂತ ವಿಮೆ ತಪ್ಪಿಸುವುದು ತಾರತಮ್ಯ ಅಂತ ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತ್ತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಈ ಅಪಾರ್ಟ್‌ಮೆಂಟಿನವರ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ, ಅವರಿಗೆ ವಕೀಲರಿದ್ದಾರೆ.

ಅಂಗನವಾಡಿಯಲ್ಲಿ ಮಾತ್ರ ನಾಲಿಗೆ ಬಿಗಿಹಿಡಿ. ನವೆಂಬರಿನ ಹೊಗೆಯಲ್ಲಿ ಕೂತ ಬಸುರಿಗೆ 'ಮಾಲಿನ್ಯದಿಂದ ದೂರವಿರಿ' ಅಂದರೆ ಅವಳು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಕೊನೆಗೆ ಉಣ್ಣುವವಳಿಗೆ ಪೌಷ್ಟಿಕಾಂಶದ ಪಟ್ಟಿ ಯಾಕೆ? 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅವಳಿಗೆ ಅಂಗನವಾಡಿಯ ಉಚಿತ ಊಟ ಮತ್ತು ಕಡಿಮೆಯೆಂದರೆ 6,000 ರೂಪಾಯಿ ಹೆರಿಗೆ ಭತ್ಯೆ ಹಕ್ಕಾಗಿ ಬರೆದಿದೆ. ಅದು ಕೈಗೆ ಬಂದಿದೆಯೇ ಅಂತ ಮೊದಲು ಕೇಳು, ಜೀನು ಆಮೇಲೆ.

ಎಪಿಜೆನೆಟಿಕ್ಸಿಗೆ ಒಂದೇ ಒಂದು ಉದಾಹರಣೆ ಕೊಡುವುದಾದರೆ ಧೂಮಪಾನದ್ದು ಕೊಡು. ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಜೀನಿನ ಗುರುತು ಇಳಿಯುತ್ತದೆ, ಬಿಟ್ಟ ಮೇಲೆ ವರ್ಷ ಕಳೆದಂತೆ ಬಹುಮಟ್ಟಿಗೆ ಮರಳುತ್ತದೆ. ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ನಿನ್ನ ಸಭೆಯ ಹೆಂಗಸರಿಗೆ ಅದು ಕೇಳಲೂ ಚೆನ್ನ, ಯಾಕೆಂದರೆ ಒಮ್ಮೆಯಾದರೂ ಮಾತು ಗಂಡಂದಿರ ಕಡೆಗೆ ಹೊರಳುತ್ತದೆ. ಅವರನ್ನೂ ಕರೆ. ವಾರದ ದಿನ ಫ್ಯಾಕ್ಟರಿ ಪಾಳಿ ಬಿಟ್ಟು ಬರಲಾರರು, ಭಾನುವಾರ ಬೆಳಗ್ಗೆ ಇಟ್ಟುಕೋ.