ಐ5 ಸ್ಟಿಕ್ಕರ್‌ಗೆ 13 ಸಾವಿರ ಕೊಡಬೇಕೆ?

ಹೊಗೆಸೊಪ್ಪಿನ ದುಡ್ಡು ಕೈಗೆ ಬರುವ ಹೊತ್ತಿಗೆ ನಮ್ಮ ಕಡೆ ಖರ್ಚುಗಳೂ ಸಾಲುಗಟ್ಟಿ ನಿಂತಿರುತ್ತವೆ. ಹರಾಜಿನಲ್ಲಿ ಬೇಲ್ ಮಾರಾಟವಾಗಿ, ಬ್ಯಾಂಕು ಬೆಳೆಸಾಲ ಮುರಿದುಕೊಂಡು, ಉಳಿದದ್ದು ಖಾತೆಗೆ ಬಿದ್ದ ಮೇಲೆ ಸೊಪ್ಪು ಹದ ಮಾಡುವ ಬ್ಯಾರನ್ನಿನ ರಿಪೇರಿ, ಮದುವೆ ಮುಯ್ಯಿ, ಮಕ್ಕಳ ಫೀಸು ಎಂದು ಪಟ್ಟಿ ಶುರು. ಈಚೆಗೆ ಆ ಪಟ್ಟಿಗೆ ಲ್ಯಾಪ್‌ಟಾಪೂ ಸೇರಿದೆ. 2023ರ ಹರಾಜಿನ ಕಾಲದಲ್ಲಿ, ಬಿ.ಕಾಂ. ಓದುತ್ತಿದ್ದ ಅಣ್ಣನ ಮಗಳಿಗೆ ಒಂದನ್ನು ಆರಿಸಿ ಕೊಡಿಸುವ ಹೊಣೆ ನನ್ನ ಪಾಲಿಗೆ ಬಂತು.

ಬೈಲಕುಪ್ಪೆಯವರಿಗೆ ಪೇಟೆ ಅಂದರೆ ಕುಶಾಲನಗರ. ಕೊಪ್ಪ ದಾಟಿ ಕಾವೇರಿ ಸೇತುವೆ ಹತ್ತಿದರೆ ಸಾಕು, ಜಿಲ್ಲೆಯೇ ಬೇರೆ. ಅಲ್ಲಿನ ಅಂಗಡಿಯವರು ಒಂದೇ ಕಂಪನಿಯ ಎರಡು ಲ್ಯಾಪ್‌ಟಾಪ್ ಮುಂದಿಟ್ಟರು. ಎರಡಕ್ಕೂ ಒಂದೇ ಅಳತೆಯ ಪರದೆ, 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಒಂದರಲ್ಲಿ ಇಂಟೆಲ್ ಕೋರ್ ಐ3-1215ಯು ಪ್ರೊಸೆಸರ್, ಬೆಲೆ ₹38,000. ಇನ್ನೊಂದರಲ್ಲಿ ಐ5-1235ಯು, ₹51,000.

‘ಚಿಕ್ಕಪ್ಪ, ನಮ್ ಕ್ಲಾಸಲ್ಲಿ ಎಲ್ರೂವೆ ಐ ಫೈವೇ ತಗೊಳ್ತಾ ಇರೋದು’ ಅಂದಳು ಹುಡುಗಿ. ಫೋನಿನಲ್ಲಿ ಅಣ್ಣ, ‘ತಗೊಳೋದು ಒಂದ್ಸಲ, ದೊಡ್ಡದೇ ಕೊಡ್ಸು ಬುಡು’ ಅಂದ. ಹೆಚ್ಚು ಕೊಡುವ 13 ಸಾವಿರಕ್ಕೆ ಏನು ಬರುತ್ತದೆ ಎಂದು ಇಬ್ಬರೂ ಕೇಳಲಿಲ್ಲ. ಅದನ್ನು ನಾನು ನೋಡಿದೆ. ಇಂಟೆಲ್ ಕಂಪನಿ ತನ್ನ ಪ್ರೊಸೆಸರ್‌ಗಳ ವಿವರವನ್ನು ತನ್ನ ಜಾಲತಾಣದಲ್ಲೇ ಹಾಕುತ್ತದೆ. ಎರಡನ್ನು ಪಕ್ಕಪಕ್ಕ ಇಟ್ಟು ನೋಡುವ ಸೌಲಭ್ಯವೂ ಅಲ್ಲೇ ಇದೆ.

ಮೊದಲು ಎರಡರಲ್ಲೂ ಒಂದೇ ಆಗಿರುವುದನ್ನು ನೋಡೋಣ. ಎರಡೂ 2022ರಲ್ಲಿ ಬಂದ 12ನೇ ತಲೆಮಾರಿನವು. ಸಂಖ್ಯೆಯ ಮೊದಲ ಎರಡು ಅಂಕಿಗಳೇ ಅದನ್ನು ಹೇಳುತ್ತವೆ. ಎರಡರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್. ಎರಡರ ಮೂಲ ವಿದ್ಯುತ್ ಬಳಕೆಯೂ 15 ವ್ಯಾಟ್. ಭಾರದ ಕೆಲಸ ಮಾಡುವ ದೊಡ್ಡ ಕೋರ್‌ಗಳು ಎರಡರಲ್ಲೂ ಎರಡೆರಡೇ. ವ್ಯತ್ಯಾಸ ಇರುವುದು ಸಣ್ಣ ಕೋರ್‌ಗಳಲ್ಲಿ. ಐ3ರಲ್ಲಿ ನಾಲ್ಕು, ಐ5ರಲ್ಲಿ ಎಂಟು. ದೊಡ್ಡ ಕೋರ್ ಒಂದೊಂದೂ ಎರಡೆರಡು ಥ್ರೆಡ್ ನಡೆಸುತ್ತದೆ, ಸಣ್ಣದು ಒಂದನ್ನು ಮಾತ್ರ. ಹಾಗಾಗಿ ಐ3ಕ್ಕೆ ಒಟ್ಟು 8 ಥ್ರೆಡ್, ಐ5ಕ್ಕೆ 12. ಕ್ಯಾಶ್ 10 ಎಂಬಿ ಇದ್ದದ್ದು 12 ಆಗುತ್ತದೆ. ಗ್ರಾಫಿಕ್ಸ್ ಘಟಕಗಳು 64 ಇದ್ದದ್ದು 80. ಪ್ರೊಸೆಸರ್‌ನ ಲೆಕ್ಕದಲ್ಲಿ 13 ಸಾವಿರಕ್ಕೆ ಸಿಗುವುದು ಮುಖ್ಯವಾಗಿ ಇಷ್ಟೇ.

ಸಣ್ಣ ಕೋರ್ ಹೆಚ್ಚಿದರೆ ಲಾಭವಿಲ್ಲವೆ? ಕೆಲಸ ಎಂಥದ್ದು ಎನ್ನುವುದರ ಮೇಲೆ ನಿಂತಿದೆ. ಕಡ್ಡಿಗೆ ಸೊಪ್ಪು ಕಟ್ಟಲು ಆಳು ಹೆಚ್ಚಾದರೆ ಕೆಲಸ ಬೇಗ ಮುಗಿಯುತ್ತದೆ. ಬ್ಯಾರನ್ ಒಳಗೆ ಸೊಪ್ಪು ಹದವಾಗಲು ಬೇಕಾದ ಐದಾರು ದಿನವನ್ನು ಎಷ್ಟು ಆಳು ಹಾಕಿದರೂ ಕಡಿಮೆ ಮಾಡಲಾಗದು. ಕಂಪ್ಯೂಟರ್‌ನಲ್ಲೂ ಹಂಚಿಕೊಂಡು ಮಾಡುವ ಕೆಲಸ ಬೇರೆ, ಒಂದರ ಹಿಂದೆ ಒಂದಾಗಿ ನಡೆಯುವ ಕೆಲಸ ಬೇರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಎಕ್ಸೆಲ್, ನುಡಿಯಲ್ಲಿ ಟೈಪಿಂಗ್ ಇವೆಲ್ಲ ದೊಡ್ಡ ಕೋರ್‌ಗಳ ವೇಗವನ್ನೇ ಹೆಚ್ಚು ನೆಚ್ಚಿಕೊಂಡಿವೆ. ಆ ವೇಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಪಹಣಿ ತೆಗೆಯುವುದು, ಸೇವಾ ಸಿಂಧು ಅರ್ಜಿ ಹಾಕುವುದಾದರೆ ಮುಖ್ಯ ಕೆಲಸ ನಡೆಯುವುದು ಸರ್ಕಾರದ ಸರ್ವರ್‌ನಲ್ಲಿ. ಸರ್ವರ್ ನಿಂತರೆ ಐ5 ಇದ್ದವರೂ ಐ3 ಇದ್ದವರೂ ಒಟ್ಟಿಗೇ ಕಾಯಬೇಕು.

ದೊಡ್ಡ ಕೆಲಸವನ್ನು ದೊಡ್ಡ ಯಂತ್ರವೇ ಮಾಡಿಸುತ್ತದೆ ಎನ್ನುವವರಿಗೆ ನಮ್ಮ ಊರಲ್ಲೇ ಉತ್ತರವಿದೆ. ಇಲ್ಲಿನ ಸೆರಾ ಮೇ ಮಠದಲ್ಲಿ ಓದಿದ ಗೆಶೆ ಲೋಬ್ಸಾಂಗ್ ಮೋನ್ಲಮ್ ಅವರು ಟಿಬೆಟನ್ ಲಿಪಿಗೆ ಫಾಂಟ್ ರೂಪಿಸಿ ಹೆಸರಾದವರು. ಮುಂದೆ ಅವರ ನೇತೃತ್ವದಲ್ಲಿ ಸಿದ್ಧವಾದ ಟಿಬೆಟನ್ ನಿಘಂಟು 223 ಸಂಪುಟಗಳಲ್ಲಿ 2022ರ ಮೇ ತಿಂಗಳಲ್ಲಿ ಹೊರಬಂತು. ಅಂಥ ಕೆಲಸಕ್ಕೆ ಬೇಕಾದದ್ದು ಭಾಷೆಯ ಮೇಲಿನ ಹಿಡಿತ ಮತ್ತು ವರ್ಷಗಟ್ಟಲೆ ಕೂರುವ ತಾಳ್ಮೆ.

ಇನ್ನು ಗ್ರಾಫಿಕ್ಸ್. ಐ5ರ ಗ್ರಾಫಿಕ್ಸ್‌ಗೆ ಐರಿಸ್ ಎಕ್ಸ್‌ಇ ಎಂಬ ಹೆಸರಿದೆ. ಅದು ಪೂರ್ತಿ ಶಕ್ತಿ ತೋರಿಸಬೇಕಾದರೆ ರ್‍ಯಾಮ್ ಎರಡು ಚಾನೆಲ್‌ನಲ್ಲಿ ಇರಬೇಕು. ಅಂಗಡಿಯಲ್ಲಿದ್ದ ಐ5 ಲ್ಯಾಪ್‌ಟಾಪಿಗೆ ಇದ್ದದ್ದು 8 ಜಿಬಿಯ ಒಂದೇ ಸ್ಟಿಕ್. ಹೀಗಿದ್ದಾಗ ವಿಂಡೋಸ್ ಕೂಡ ಅದನ್ನು ಐರಿಸ್ ಎಂದು ಕರೆಯದೆ ಬರೀ ಯುಎಚ್‌ಡಿ ಎಂದು ತೋರಿಸುತ್ತದೆ. ಅಂದರೆ ದುಡ್ಡು ಕೊಟ್ಟು ಕೊಂಡ ಶಕ್ತಿಯನ್ನು ಬಳಸಬೇಕಾದರೂ ಇನ್ನೊಂದು ಸ್ಟಿಕ್ಕಿಗೆ ಮತ್ತೆ ದುಡ್ಡು ಹಾಕಬೇಕು.

ನಾನು ಐ3 ಕೊಡಿಸಿ, ಖಾಲಿ ಇದ್ದ ಸ್ಲಾಟ್‌ಗೆ ಇನ್ನೊಂದು 8 ಜಿಬಿ ಹಾಕಿಸಿದೆ. ಆಗ ಅದಕ್ಕೆ ಬಿದ್ದದ್ದು ₹2,000. ಒಟ್ಟು 40 ಸಾವಿರಕ್ಕೆ 16 ಜಿಬಿಯ ಯಂತ್ರ. ಟ್ಯಾಲಿ, ಎಕ್ಸೆಲ್ ಜೊತೆಗೆ ಬ್ರೌಸರ್‌ನಲ್ಲಿ ಹತ್ತಾರು ಪುಟ ತೆರೆದಿಟ್ಟುಕೊಳ್ಳುವ ವಿದ್ಯಾರ್ಥಿಗೆ, 8 ಜಿಬಿಯ ಐ5ಗಿಂತ ಇದೇ ಹಗುರಾಗಿ ಓಡುತ್ತದೆ. ಉಳಿದ 11 ಸಾವಿರವನ್ನು ಅವಳ ಹೆಸರಿನಲ್ಲೇ ಠೇವಣಿ ಇಡಿಸಿದೆ. ಶೇ 7ರ ಬಡ್ಡಿ, ವರ್ಷಕ್ಕೊಮ್ಮೆ ಚಕ್ರಬಡ್ಡಿ ಎಂದಿಟ್ಟುಕೊಂಡರೆ ಐದು ವರ್ಷಕ್ಕೆ ಅದು ಸುಮಾರು ₹15,400. ಮುಂದೆ ಹೊಸ ಲ್ಯಾಪ್‌ಟಾಪ್ ಬೇಕಾದಾಗ ಕೈಯಲ್ಲಿ ಒಂದು ಭಾಗ ಇದ್ದೇ ಇರುತ್ತದೆ. ರ್‍ಯಾಮ್ ದರ ಸಿಕ್ಕಾಪಟ್ಟೆ ಏರಿಳಿಯುವಂಥದ್ದು. ಇವತ್ತಿನ ದರ ಕೇಳಿಯೇ ನೀವು ಈ ಲೆಕ್ಕ ಹಾಕಬೇಕು.

‘ನೋ ಕಾಸ್ಟ್ ಇಎಂಐ ಇದೆ, ಐ5 ತಗೊಳ್ಳಿ’ ಎಂಬ ಮಾತೂ ಬಂತು. ಕ್ರೆಡಿಟ್ ಕಾರ್ಡಿನಲ್ಲಿ ಇದು ನಡೆಯುವ ಬಗೆ ಸರಳ: ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟನ್ನು ಬೆಲೆಯಲ್ಲಿ ಕಳೆದು ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇ 18ರ ಜಿಎಸ್‌ಟಿ ಮಾತ್ರ ನಮ್ಮ ತಲೆಗೇ. ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದೂ. ನಗದಿಗೆ ಸಿಗುವ ರಿಯಾಯಿತಿ ಕೈತಪ್ಪುತ್ತದೆ. ಇದಕ್ಕಿಂತ ದೊಡ್ಡ ತೊಡಕು ರೈತರ ಮನೆಯದು. ಕಂತು ತಿಂಗಳು ತಿಂಗಳು ಬರುತ್ತದೆ, ಸೊಪ್ಪಿನ ದುಡ್ಡು ಹರಾಜಿನ ಕಾಲಕ್ಕೆ ಮಾತ್ರ. ನಾಟಿ, ಗೊಬ್ಬರ, ಕೂಲಿ ಎಂದು ಕೈ ಖಾಲಿಯಾಗುವ ಮೇ, ಜೂನ್‌ನಲ್ಲೂ ಕಂತು ನಿಲ್ಲುವುದಿಲ್ಲ.

ಐ5 ಯಾರಿಗೂ ಬೇಡ ಎನ್ನುತ್ತಿಲ್ಲ. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೆ, ದೊಡ್ಡ ಪ್ರೋಗ್ರಾಂ ಬರೆಯುವ ಎಂಜಿನಿಯರಿಂಗ್ ಹುಡುಗರಿಗೆ ಆ ನಾಲ್ಕು ಹೆಚ್ಚುವರಿ ಕೋರ್ ದಿನವೂ ಸಮಯ ಉಳಿಸಿಕೊಡುತ್ತವೆ. ಸಮಯವೇ ಸಂಪಾದನೆಯಾದವರಿಗೆ 13 ಸಾವಿರ ಬಂಡವಾಳ. ಆದರೆ ಅವರೂ ಎರಡು ಸ್ಟಿಕ್ ರ್‍ಯಾಮ್ ಹಾಕಿಸಲೇಬೇಕು.

ಹೆಸರು ನೋಡಿ ಕೊಳ್ಳುವ ಅಪಾಯ ಎಎಂಡಿಯಲ್ಲಿ ಇನ್ನೂ ಹೆಚ್ಚು. ರೈಜನ್ 5 7520ಯು ಮತ್ತು ರೈಜನ್ 5 7530ಯು, ಎರಡಕ್ಕೂ ಒಂದೇ ‘ರೈಜನ್ 5’ ಸ್ಟಿಕ್ಕರ್. ಮೊದಲನೆಯದು ಹಳೆಯ ಜೆನ್ 2 ವಿನ್ಯಾಸದ್ದು. 4 ಕೋರ್, 4 ಎಂಬಿ ಎಲ್3 ಕ್ಯಾಶ್. ಎರಡನೆಯದು ಜೆನ್ 3. 6 ಕೋರ್, 16 ಎಂಬಿ. ಆ ಸಾಲಿನ ಸಂಖ್ಯೆಗಳಲ್ಲಿ ಮೂರನೇ ಅಂಕಿಯೇ ವಿನ್ಯಾಸದ ತಲೆಮಾರು. ಜೊತೆಗೆ 7520ಯುಗೆ ಎಲ್‌ಪಿಡಿಡಿಆರ್5 ರ್‍ಯಾಮ್ ಮಾತ್ರ ಹೊಂದುತ್ತದೆ. ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 8 ಜಿಬಿಯದನ್ನು ತಂದರೆ ಕೊನೆವರೆಗೂ 8 ಜಿಬಿಯೇ.

2024ರಿಂದ ಇಂಟೆಲ್ ಹೊಸ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಹೆಸರಿನಿಂದ ‘ಐ’ ತೆಗೆದು ಕೋರ್ 3, ಕೋರ್ 5 ಎಂದು ಕರೆಯತೊಡಗಿದೆ. ಹೆಸರು ಹೇಗೇ ಬದಲಾಗಲಿ, ಅಂಗಡಿಯಲ್ಲಿ ಮೂರು ವಿಷಯ ಕೇಳಿ: ಪ್ರೊಸೆಸರ್‌ನ ಪೂರ್ತಿ ಸಂಖ್ಯೆ ಏನು? ರ್‍ಯಾಮ್ ಒಂದು ಸ್ಟಿಕ್ಕೋ ಎರಡೋ? ಖಾಲಿ ಸ್ಲಾಟ್ ಇದೆಯೇ, ಅದಕ್ಕೆ ಸ್ಟಿಕ್ ಹಾಕಿದರೆ ವಾರಂಟಿ ಉಳಿಯುತ್ತದೆಯೇ? ಉತ್ತರ ಬಂದ ಮೇಲೆ ಬೆಲೆ ಮಾತಾಡಿ, ದುಡ್ಡು ಕೊಡುವ ಮುಂಚೆ ಆ ಪೂರ್ತಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.